ಪುಕ್ಕ ಉದುರಿದ ಕೋಳಿಗಳು: ಚಳ್ಳಕೆರೆ ಸೀಮೆಯ ಒಂದು ಹಿತ್ತಿಲಿನ ಪ್ರಕರಣ

ಇದು ಒಂದೇ ಮನೆಯ ಕೋಳಿಗಳ ವಿಷಯ. ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಮನೆ ಅದು. ಆ ಭಾಗದಲ್ಲಿ ನಾನು ಪಶು ಸಖಿಯಾಗಿ, ಅಂದರೆ ಊರಿನ ಸಾಕುಪ್ರಾಣಿಗಳ ಆರೈಕೆಗೆ ತರಬೇತಿ ಪಡೆದ ಹೆಣ್ಣುಮಗಳಾಗಿ, ಕೆಲಸ ಮಾಡುತ್ತೇನೆ. ಕುರಿ, ಮೇಕೆ, ಎಮ್ಮೆ ಬಗ್ಗೆ ಕೇಳುವವರು ಜಾಸ್ತಿ, ಕೋಳಿ ಬಗ್ಗೆ ಕೇಳುವವರು ಕಡಿಮೆ. ಕೋಳಿಗೆ ಏನಾದರೂ ಬಂತು ಅಂದರೆ ಕೊಯ್ಯಬೇಕು, ಇಲ್ಲವೇ ಸಂತೆಗೆ ಹಾಕಬೇಕು ಅಂತಲೇ ಎಷ್ಟೋ ಮನೆಗಳಲ್ಲಿ ಅಂದುಕೊಂಡಿದ್ದಾರೆ. ಆದರೆ ಹಿತ್ತಿಲ ಕೋಳಿ ಹೆಣ್ಣುಮಕ್ಕಳ ಕೈಗೆ ನೇರವಾಗಿ ಬರುವ ದುಡ್ಡು. ಮೊಟ್ಟೆ ಮಾರಿದ ಹಣಕ್ಕೆ ಮನೆಯಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ. ಅದಕ್ಕೇ ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಯುಗಾದಿ ಕಳೆದು ಬಿಸಿಲು ಏರಿತ್ತು. ಆ ಮನೆಯಲ್ಲಿ 13 ಹ್ಯಾಟೆ, 2 ಹುಂಜ ಇದ್ದವು. ನಾಲ್ಕು ಹ್ಯಾಟೆ ಗಿರಿರಾಜ ತಳಿಯವು, ಅಂದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ತಳಿ. ಉಳಿದವು ನಾಟಿ. ನಾನು ಹೋಗುವ ಮುಂಚೆ ಎರಡು ಕೋಳಿ ಸತ್ತಿದ್ದವು. ದಿನಕ್ಕೆ ಆರೇಳು ಸಿಗುತ್ತಿದ್ದ ಮೊಟ್ಟೆ ಎರಡಕ್ಕೆ ಇಳಿದಿತ್ತು. 13 ಹ್ಯಾಟೆಗಳಲ್ಲಿ 9ರ ಮೈಮೇಲೆ ಎಲ್ಲಾದರೂ ಒಂದು ಕಡೆ ಪುಕ್ಕ ಇರಲಿಲ್ಲ.

ಕೋಳಿ ಸಾಕಿದ ಅಜ್ಜಿ ಹೇಳಿದ್ದು ಇಷ್ಟು: "ಅದೇನೋ ಚರ್ಮದ ರೋಗ ಬಂದೈತೆ ಕಣವ್ವ. ಒಂದರಿಂದ ಒಂದಕ್ಕೆ ಅಂಟ್ಕಂಡು ಎಲ್ಲಾ ಬೋಳಾಗ್ತಾ ಅವೆ." ಪಕ್ಕದ ಮನೆಯವರು ಸೀಮೆಎಣ್ಣೆ ಸವರಲು ಹೇಳಿದ್ದರು. ಅಜ್ಜಿಯ ಮಗ ಹತ್ತಿಗೆ ಹೊಡೆದು ಉಳಿದಿದ್ದ ಔಷಧಿಯನ್ನು ನೀರಿಗೆ ಬೆರೆಸಿ ಸಂಜೆ ಎಲ್ಲಾ ಕೋಳಿಗೂ ಸಿಂಪಡಿಸಲು ತಯಾರಿ ಮಾಡಿಕೊಂಡಿದ್ದ.

ಮೊದಲು ಅದನ್ನು ನಿಲ್ಲಿಸಿದೆ. ಡಬ್ಬಿ ಮೇಲೆ ಮೊನೊಕ್ರೊಟೊಫಾಸ್ ಅಂತ ಇತ್ತು. ಹಕ್ಕಿಗಳಿಗೆ ಅದು ಭಾರಿ ವಿಷ. ಅದನ್ನು ಮೈಮೇಲೆ ಹೊಡೆದರೆ ಕೋಳಿ ಕೊಕ್ಕಿನಿಂದ ಪುಕ್ಕ ತೀಡಿಕೊಳ್ಳುವಾಗ ಹೊಟ್ಟೆಗೂ ಹೋಗುತ್ತದೆ. ಹೇನು ಸಾಯುವ ಮುಂಚೆ ಕೋಳಿ ಸಾಯುತ್ತದೆ. ಬದುಕಿದರೂ ಅದರ ಮೊಟ್ಟೆ ತಿನ್ನುವ ಮಕ್ಕಳ ಗತಿ ಏನು? ಸೀಮೆಎಣ್ಣೆಯೂ ಬೇಡ ಅಂದೆ. ಪುಕ್ಕ ಇಲ್ಲದ ಚರ್ಮ ಬಹಳ ತೆಳುವಾಗಿರುತ್ತದೆ, ಸೀಮೆಎಣ್ಣೆಗೆ ಸುಟ್ಟು ಬೊಬ್ಬೆ ಏಳುತ್ತದೆ. ಮಗ ಒಪ್ಪಿದ. "ಹಂಗಾರೆ ಏನ್ ಮಾಡದು ಹೇಳಕ್ಕ" ಅಂದ.

ಎಲ್ಲಿ ಬೋಳಾಗಿದೆ ಅನ್ನುವುದೇ ಮುಖ್ಯ

ಪುಕ್ಕ ಉದುರುವುದು ಒಂದು ರೋಗದ ಹೆಸರಲ್ಲ. ಅದಕ್ಕೆ ಹತ್ತಾರು ಕಾರಣಗಳಿರುತ್ತವೆ. ಮೈಯ ಯಾವ ಭಾಗ ಬೋಳಾಗಿದೆ ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹಗಲಲ್ಲಿ ಕೋಳಿ ಅಟ್ಟಿಸಿಕೊಂಡು ಓಡುವುದು ಬೇಡ ಅಂತ ಕತ್ತಲಾಗುವವರೆಗೂ ಕಾದೆವು. ಗೂಡಿಗೆ ಸೇರಿದ ಮೇಲೆ ಒಂದೊಂದನ್ನೇ ಸುಮ್ಮನೆ ಎತ್ತಿಕೊಂಡು ಟಾರ್ಚ್ ಬೆಳಕಲ್ಲಿ ತಲೆಯಿಂದ ಬಾಲದವರೆಗೆ ಪುಕ್ಕ ಬಿಡಿಸಿ ನೋಡಿದೆವು. ಆ ಒಂಬತ್ತೂ ಒಂದೇ ಥರ ಬೋಳಾಗಿರಲಿಲ್ಲ.

ಒಂದರ ಕತ್ತು ಪೂರ್ತಿ ಬೋಳು, ಚರ್ಮ ಕೆಂಪು. ಊರಿನವರು ಹೆಚ್ಚು ಹೆದರಿದ್ದು ಅದನ್ನು ನೋಡಿಯೇ. ನೋಡಿದರೆ ಅದು ಬೋಳು ಕತ್ತಿನ ತಳಿಯ ಕೋಳಿ, ಹುಟ್ಟಿನಿಂದಲೇ ಹಾಗೆ. ಸಂತೆಯಲ್ಲಿ ಹೊಸದಾಗಿ ಕೊಂಡು ತಂದಿದ್ದರು. ಕತ್ತಿನಲ್ಲಿ ಗಾಯ ಇಲ್ಲ, ಹೆಪ್ಪಳಿಕೆ ಇಲ್ಲ, ಮುರಿದ ಪುಕ್ಕದ ಬುಡ ಇಲ್ಲ. ಕತ್ತಿನ ಮಟ್ಟಿಗೆ ಅದಕ್ಕೆ ಏನೂ ಆಗಿರಲಿಲ್ಲ. ಬಿಸಿಲ ನಾಡಿಗೆ ಒಳ್ಳೆಯ ತಳಿ ಅದು. ಪುಕ್ಕ ಕಡಿಮೆ ಇರುವುದರಿಂದ ಮೈಯ ಬಿಸಿ ಬೇಗ ಹೊರಗೆ ಹೋಗುತ್ತದೆ.

ಇನ್ನೊಂದರ ಎದೆ, ಹೊಟ್ಟೆ ಮಾತ್ರ ಬೋಳು. ಅದು ಆಗಷ್ಟೇ ಕಾವಿನಿಂದ ಎದ್ದಿತ್ತು. ಕಾವಿಗೆ ಕೂರುವ ಹ್ಯಾಟೆಯ ಎದೆ ಹೀಗೆ ಬೋಳಾಗುವುದು ಸಹಜ. ಮೊಟ್ಟೆಗೆ ಮೈ ಶಾಖ ನೇರವಾಗಿ ತಾಗಲಿ ಅಂತ ತಾನೇ ಪುಕ್ಕ ಕಿತ್ತುಕೊಳ್ಳುತ್ತದೆ. ಅದಕ್ಕೆ ಮದ್ದು ಬೇಡ.

ಎರಡು ಗಿರಿರಾಜ ಹ್ಯಾಟೆಗಳಿಗೆ ಬೆನ್ನು ಮತ್ತು ತಲೆಯ ಹಿಂಭಾಗ ಬೋಳಾಗಿತ್ತು. ಬೆನ್ನಿನ ಎರಡೂ ಪಕ್ಕ ಉಗುರು ಗೀರಿದ ಗೆರೆಗಳಿದ್ದವು. ಇದು ಹುಂಜದ ಕೆಲಸ. ಹುಂಜ ಹತ್ತುವಾಗ ಕೊಕ್ಕಿನಿಂದ ತಲೆಯ ಹಿಂದೆ ಹಿಡಿಯುತ್ತದೆ, ಕಾಲಿನಿಂದ ಬೆನ್ನು ಒತ್ತುತ್ತದೆ. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ಇಲ್ಲಿ 13ಕ್ಕೆ ಎರಡು ಇದ್ದವು. ಅದರ ಮೇಲೆ, ಮೆತ್ತಗಿರುವ, ಓಡದೆ ಕೂರುವ ಹ್ಯಾಟೆಗಳನ್ನೇ ಹುಂಜಗಳು ಮತ್ತೆ ಮತ್ತೆ ಹತ್ತುತ್ತವೆ. ಗಿರಿರಾಜ ದಪ್ಪ ಮೈಯವು, ಓಟ ಕಡಿಮೆ.

ಉಳಿದ ಐದು ನಿಜವಾಗಿ ಕಷ್ಟದಲ್ಲಿದ್ದವು. ಅವಕ್ಕೆ ಬಾಲದ ಬುಡ ಮತ್ತು ಮೊಟ್ಟೆ ಇಡುವ ಜಾಗದ ಸುತ್ತ ಪುಕ್ಕ ಇರಲಿಲ್ಲ. ಟಾರ್ಚ್ ಬೆಳಕು ಬಿದ್ದ ಕೂಡಲೇ ಒಣ ಹುಲ್ಲಿನ ಬಣ್ಣದ ಹೇನುಗಳು ಸರಸರ ಓಡಿದವು. ಉಳಿದಿದ್ದ ಪುಕ್ಕದ ಬುಡದಲ್ಲಿ ಬಿಳಿ ಗಂಟು ಗಂಟಾಗಿ ಸೀರು ಅಂಟಿತ್ತು. ಒಂದಕ್ಕಂತೂ ಬಾಲದ ಬುಡದಲ್ಲಿ ಹಸಿ ಗಾಯ, ಬೇರೆ ಕೋಳಿಗಳು ಕುಕ್ಕಿದ್ದು. ಕೋಳಿಗೆ ಕೆಂಪು ಕಂಡರೆ ಕುಕ್ಕದೆ ಇರಲಾಗದು. ಒಂದು ಹನಿ ರಕ್ತ ಕಂಡರೂ ಸಾಕು, ಗುಂಪೇ ಸೇರುತ್ತದೆ.

ಪುಕ್ಕ ಬದಲಿಸುವ ಕಾಲ ಇರಬಹುದಾ ಅಂತಲೂ ನೋಡಿದೆ. ಕೋಳಿ ವರ್ಷಕ್ಕೊಮ್ಮೆ ಹಳೆ ಪುಕ್ಕ ಉದುರಿಸಿ ಹೊಸದು ಬೆಳೆಸುತ್ತದೆ. ಆಗ ಮೊಟ್ಟೆಯೂ ನಿಲ್ಲುತ್ತದೆ. ಆದರೆ ಅದು ತಲೆ, ಕತ್ತಿನಿಂದ ಶುರುವಾಗಿ ಹಿಂದಕ್ಕೆ ಸಾಗುತ್ತದೆ. ಬೋಳಾದ ಕಡೆ ಮುಳ್ಳಿನ ಹಾಗೆ ಹೊಸ ಪುಕ್ಕದ ಮೊಳಕೆ ಕಾಣುತ್ತದೆ. ಇಲ್ಲಿ ಮೊಳಕೆ ಇರಲಿಲ್ಲ. ಸಿಡುಬು ಇದ್ದರೆ ಜುಟ್ಟು, ಮುಖದ ಮೇಲೆ ಕಪ್ಪು ಹೆಪ್ಪಳಿಕೆ ಇರಬೇಕಿತ್ತು, ಅದೂ ಇಲ್ಲ. ಹಳೆಯ ಹುಂಜದ ಕಾಲಿನ ಪೊರೆ ಎದ್ದು, ದಪ್ಪಗಾಗಿ, ಸುಣ್ಣ ಮೆತ್ತಿದಂತೆ ಬೆಳ್ಳಗಿತ್ತು. ಅದು ಕಾಲಿನ ಕಜ್ಜಿ. ಪೊರೆಯ ಕೆಳಗೆ ಕಣ್ಣಿಗೆ ಕಾಣದ ನುಸಿ ಬಿಲ ಕೊರೆಯುವುದರಿಂದ ಬರುತ್ತದೆ.

ರೆಕ್ಕೆಯ ಕೆಳಗಿನ ಚುಕ್ಕೆಗಳು

ಇಷ್ಟೇ ಆಗಿದ್ದರೆ ಹೇನಿನ ಪುಡಿ ಕೊಟ್ಟು ಮುಗಿಸಬಹುದಿತ್ತು. ಆದರೆ ಆರು ಕೋಳಿಗಳ ರೆಕ್ಕೆ ಎತ್ತಿದಾಗ ಕೆಳಗಿನ ಚರ್ಮದಲ್ಲಿ ಕೆಂಪು, ನೀಲಿ ಚುಕ್ಕೆಗಳು ಕಂಡವು. ಕೆಲವು ಚುಕ್ಕೆಯ ನಡುವೆ ಸಣ್ಣ ಕಪ್ಪು ಕಾಳಿನಂಥದ್ದು ಕಚ್ಚಿಕೊಂಡಿತ್ತು. ಹೇನು ಹೀಗೆ ಗುರುತು ಬಿಡುವುದಿಲ್ಲ. ಇದು ಕೋಳಿ ಉಣ್ಣೆಯ ಮರಿ.

ಕೋಳಿ ಉಣ್ಣೆ ದನದ ಉಣ್ಣೆಯಂತಲ್ಲ. ದನದ ಉಣ್ಣೆ ಮೈಮೇಲೇ ದಿನಗಟ್ಟಲೆ ಇರುತ್ತದೆ, ಕಣ್ಣಿಗೆ ಬೀಳುತ್ತದೆ. ಕೋಳಿ ಉಣ್ಣೆಯ ಮರಿ ಮಾತ್ರ ಐದರಿಂದ ಹತ್ತು ದಿನ ಮೈಗೆ ಕಚ್ಚಿಕೊಂಡಿರುತ್ತದೆ. ದೊಡ್ಡದಾದ ಮೇಲೆ ಅದರ ವಾಸ ಗೂಡಿನ ಬಿರುಕಿನಲ್ಲಿ. ರಾತ್ರಿ ಹೊರಗೆ ಬಂದು ಅರ್ಧ ಮುಕ್ಕಾಲು ಗಂಟೆ ರಕ್ತ ಹೀರಿ ವಾಪಸ್ ಹೋಗುತ್ತದೆ. ಹಗಲು ಎಷ್ಟೇ ಹುಡುಕಿದರೂ ಕೋಳಿ ಮೈಮೇಲೆ ಸಿಗುವುದಿಲ್ಲ. ಒಣ ಹವೆಯ ಸೀಮೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಚಳ್ಳಕೆರೆ ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ತಾಲ್ಲೂಕುಗಳಲ್ಲಿ ಒಂದು ಅಲ್ವಾ?

ಅಜ್ಜಿಯ ಕೋಳಿ ಗೂಡು ಕಾಂಪೌಂಡಿಗೆ ಆನಿಸಿ ಕಟ್ಟಿದ್ದು. ಕಲ್ಲು, ಮಣ್ಣಿನ ಗೋಡೆ. ಮೇಲೆ ತಗಡು, ಬಿಸಿಲಿಗೆ ಅಂತ ತಗಡಿನ ಮೇಲೆ ಸೋಗೆ. ಕೋಳಿ ಕೂರಲು ಹಳೆ ಬಾಗಿಲಿನ ಹಲಗೆಗಳನ್ನು ಗೋಡೆಗೆ ಹೊಡೆದಿದ್ದರು. ರಾತ್ರಿ ಊಟ ಆದ ಮೇಲೆ ಟಾರ್ಚ್ ಹಿಡಿದು ಮತ್ತೆ ಗೂಡಿಗೆ ಹೋದೆವು. ಗೋಡೆಯ ಮೇಲೆ ಅವು ಓಡಾಡುತ್ತಿದ್ದವು. ಮಗ ಒಂದು ಹಲಗೆ ಮೀಟಿ ತೆಗೆದ. ಹಿಂದೆ ಒಣ ಕಲ್ಲಂಗಡಿ ಬೀಜದ ಹಾಗೆ ಚಪ್ಪಟೆ ಉಣ್ಣೆಗಳು ಒತ್ತೊತ್ತಾಗಿ ಕೂತಿದ್ದವು. ರಕ್ತ ಕುಡಿದವು ಊದಿಕೊಂಡು ನೀಲಿಗಟ್ಟಿದ್ದವು. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಇಷ್ಟು ದಿನ ಇವನ್ನ ಸಾಕ್ದೆ ನಾನು" ಅಂದರು. ಅವರ ತಪ್ಪೇನೂ ಇಲ್ಲ ಅಂತ ಹೇಳಿದೆ. ಹಗಲು ಕಾಣದ ಪ್ರಾಣಿಯನ್ನು ಯಾರು ತಾನೇ ಹುಡುಕುತ್ತಾರೆ?

ಉಣ್ಣೆ ರಕ್ತ ಹೀರುವುದರಿಂದ ಕೋಳಿ ಬಡವಾಗುತ್ತದೆ, ಜುಟ್ಟು ಬಿಳಿಚಿಕೊಳ್ಳುತ್ತದೆ, ಮೊಟ್ಟೆ ಕಮ್ಮಿಯಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಅದು ಹರಡುವ ಜ್ವರ. ಗುಂಪಿನಲ್ಲಿ ಒಂದು ಹ್ಯಾಟೆ ತೂಕಡಿಸುತ್ತಾ, ಹಸಿರು ಹಿಕ್ಕೆ ಹಾಕುತ್ತಾ, ನೀರು ಮಾತ್ರ ಜಾಸ್ತಿ ಕುಡಿಯುತ್ತಿತ್ತು. ಮರುದಿನ ಅದನ್ನು ಬುಟ್ಟಿಯಲ್ಲಿಟ್ಟು ಪಶು ಆಸ್ಪತ್ರೆಗೆ ಒಯ್ದೆವು. ಡಾಕ್ಟರು ರಕ್ತ ನೋಡಿ ಉಣ್ಣೆಯಿಂದ ಬರುವ ಜ್ವರ ಅಂದರು, ಇಂಜೆಕ್ಷನ್ ಕೊಟ್ಟರು. ಸಮಯಕ್ಕೆ ಸಿಕ್ಕರೆ ಪೆನಿಸಿಲಿನ್ ಥರದ ಮದ್ದಿಗೆ ಇದು ಬಗ್ಗುತ್ತದೆ. ಆ ಹ್ಯಾಟೆ ಉಳಿಯಿತು. ಮೊದಲು ಸತ್ತ ಎರಡನ್ನು ಯಾರೂ ಪರೀಕ್ಷೆ ಮಾಡಿಸಿರಲಿಲ್ಲ. ಹಸಿರು ಹಿಕ್ಕೆ ಕೊಕ್ಕರೆ ರೋಗದಲ್ಲೂ (ರಾಣಿಖೇತ್) ಬರುತ್ತದೆ. ಹಾಗಾಗಿ ಊಹೆ ಮೇಲೆ ಮದ್ದು ಹಾಕದೆ ಡಾಕ್ಟರಿಗೆ ತೋರಿಸುವುದೇ ಸರಿ.

ಕೋಳಿಗಿಂತ ಮೊದಲು ಗೂಡು

ನನ್ನ ಅಭಿಪ್ರಾಯ ಇಲ್ಲಿ ಗಟ್ಟಿಯಾಗಿದೆ. ಇಂಥ ಮನೆಯಲ್ಲಿ ಕೋಳಿಗೆ ಎಷ್ಟು ಮದ್ದು ಹಚ್ಚಿದರೂ ಗೂಡು ಹಾಗೇ ಇದ್ದರೆ ಎಲ್ಲಾ ದಂಡ. ಕೆಲವು ವಾರ ಗೂಡು ಖಾಲಿ ಬಿಟ್ಟರೆ ಉಣ್ಣೆ ಸಾಯುತ್ತವೆ ಅಂತ ಹಲವರು ನಂಬಿದ್ದಾರೆ. ದೊಡ್ಡ ಉಣ್ಣೆ ಆಹಾರ ಇಲ್ಲದೆ ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಖಾಲಿ ಬಿಟ್ಟು ಅದನ್ನು ಗೆಲ್ಲಲು ಆಗುವುದಿಲ್ಲ.

ಮೊದಲು ಕೋಳಿಗಳಿಗೆ ಬೇರೆ ಜಾಗ ಮಾಡಿದೆವು. ಹೊಂಗೆ ಮರದ ಕೆಳಗೆ ಬಿದಿರು, ಬಲೆ ಕಟ್ಟಿ ಹಗಲಿನ ಆವರಣ. ರಾತ್ರಿ ನಾಯಿ, ಮುಂಗುಸಿ ಭಯಕ್ಕೆ ದೊಡ್ಡ ಮಂಕರಿ ಕವುಚಿ ಮೇಲೆ ಕಲ್ಲು. ಕಡಿಮೆ ಅಂದರೂ ಹತ್ತು ಹನ್ನೆರಡು ದಿನ ಅಲ್ಲೇ ಇಡಲು ಹೇಳಿದೆ. ಮೈಗೆ ಕಚ್ಚಿದ ಮರಿ ಉಣ್ಣೆಗಳು ಆ ಹೊತ್ತಿಗೆ ತಾವೇ ಉದುರುತ್ತವೆ. ಅವು ಹೊಸ ಗೂಡಿನಲ್ಲಿ ಉದುರಬಾರದು, ಅದೇ ಉದ್ದೇಶ. ಮಂಕರಿ ಕೆಳಗಿನ ಹುಲ್ಲನ್ನು ದಿನವೂ ತೆಗೆದು ಸುಡುತ್ತಿದ್ದರು.

ಗೂಡಿನ ಹಲಗೆ, ಸೋಗೆ, ಒಳಗಿನ ಹಳೆ ಹುಲ್ಲು ಎಲ್ಲವನ್ನೂ ಕಿತ್ತು ದೂರ ಒಯ್ದು ಸುಟ್ಟರು. ಗೂಡಿಗೇ ಬೆಂಕಿ ತೋರಿಸಬೇಡಿ ಅಂತ ಎಚ್ಚರಿಸಿದೆ. ಬೇಸಿಗೆ ಗಾಳಿಗೆ ಪಕ್ಕದ ಬಣವೆಗೆ ಹತ್ತಿಕೊಂಡರೆ ಊರೇ ಉರಿಯುತ್ತದೆ. ಹಂಡೆ ಹಂಡೆ ಕುದಿಯುವ ನೀರು ತಂದು ಗೋಡೆಯ ಬಿರುಕಿಗೆ ಹೊಯ್ದರು. ಗೋಡೆ ಒಣಗಿದ ಮೇಲೆ ಡಾಕ್ಟರು ಬರೆದುಕೊಟ್ಟ ಡೆಲ್ಟಾಮೆಥ್ರಿನ್ ಔಷಧಿಯನ್ನು ಅವರು ಹೇಳಿದ ಅಳತೆಯಲ್ಲೇ ಬೆರೆಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬಿರುಕು ಬಿರುಕಿಗೂ ಸಿಂಪಡಿಸಿದರು. ಈ ಔಷಧಿ ಮೀನಿಗೆ, ಬೆಕ್ಕಿಗೆ ವಿಷ. ಸ್ಪ್ರೇಯರ್ ಅನ್ನು ಕೆರೆಯಲ್ಲಾಗಲಿ ಕೃಷಿ ಹೊಂಡದಲ್ಲಾಗಲಿ ತೊಳೆಯಬಾರದು. ಎರಡು ವಾರ ಬಿಟ್ಟು ಇನ್ನೊಮ್ಮೆ ಹೊಡೆಯಲು ಹೇಳಿದೆ. ಬಿರುಕಿನೊಳಗಿನ ಮೊಟ್ಟೆಗಳು ಒಡೆದು ಹೊಸ ಮರಿ ಬಂದಿರುತ್ತವಲ್ಲ, ಅದಕ್ಕೆ. ಎರಡನೇ ಸಲ ಹೊಡೆದ ಮೇಲೆಯೇ ಕೆಮ್ಮಣ್ಣು, ಸಗಣಿ ಕಲಸಿ ಎಲ್ಲಾ ಬಿರುಕು ಮುಚ್ಚಿ ಸುಣ್ಣ ಬಳಿದರು.

ಹೊಸದಾಗಿ ಹಲಗೆ ಹೊಡೆಯಲು ಬಿಡಲಿಲ್ಲ. ಒಂದು ಗಟ್ಟಿ ಗಳುವನ್ನು ತಂತಿಯಿಂದ ಮೇಲಿನ ಜಂತೆಗೆ ತೂಗು ಹಾಕಿಸಿದೆ. ಗೋಡೆಗೆ ಎಲ್ಲೂ ತಾಗಬಾರದು. ತಂತಿಗೆ ಗ್ರೀಸ್ ಸವರಿದ ಬಟ್ಟೆ ಸುತ್ತಿದೆವು. ಗೋಡೆಯಲ್ಲಿ ಒಂದೆರಡು ಉಣ್ಣೆ ಉಳಿದಿದ್ದರೂ ಕೋಳಿಯ ಹತ್ತಿರ ಬರುವ ದಾರಿ ಇರಬಾರದು.

ಹೇನಿನ ಕತೆ ಸುಲಭ. ಅದು ಪೂರ್ತಿ ಜೀವನ ಕೋಳಿ ಮೈಮೇಲೇ ಕಳೆಯುತ್ತದೆ, ಕೆಳಗೆ ಬಿದ್ದರೆ ವಾರ ಬದುಕುವುದೂ ಕಷ್ಟ. ಆಸ್ಪತ್ರೆಯಲ್ಲಿ ಕೊಟ್ಟ ಪುಡಿಯನ್ನು ಬಾಲದ ಬುಡ, ರೆಕ್ಕೆಯ ಕೆಳಗೆ ತಿಕ್ಕಿದೆವು. ಕಣ್ಣು, ಕೊಕ್ಕಿಗೆ ತಾಗದ ಹಾಗೆ ನೋಡಿಕೊಂಡೆವು. ಸೀರಿಗೆ ಪುಡಿ ನಾಟುವುದಿಲ್ಲ, ಹತ್ತು ದಿನ ಬಿಟ್ಟು ಮತ್ತೆ ಹಚ್ಚಲೇಬೇಕು. ಅಷ್ಟು ದಿನದ ಮೊಟ್ಟೆಯನ್ನು ಡಾಕ್ಟರು ಹೇಳಿದಂತೆ ತಿನ್ನಲಿಲ್ಲ, ಮಾರಲಿಲ್ಲ.

ಆದರೆ ಈ ಮನೆಯಲ್ಲಿ ಹೇನು ಇಷ್ಟು ಹೆಚ್ಚಿದ್ದು ಯಾಕೆ? ಅಂಗಳ ನೋಡಿದಾಗ ಗೊತ್ತಾಯಿತು. ಹಿಂದಿನ ವರ್ಷ ಶೇಂಗಾ ಒಣಗಿಸಲು ಅಂತ ಹಿತ್ತಿಲಿಗೆಲ್ಲಾ ಸಿಮೆಂಟ್ ಹಾಕಿಸಿದ್ದರು. ಕೋಳಿಗೆ ಮಣ್ಣಿನಲ್ಲಿ ಹೊರಳಲು ಒಂದು ಅಡಿ ಜಾಗ ಉಳಿದಿರಲಿಲ್ಲ. ಕೋಳಿ ಸುಮ್ನೆ ಮಣ್ಣಲ್ಲಿ ಹೊರಳುವುದಿಲ್ಲ, ಅದು ಅದರ ಸ್ನಾನ. ಹೇನನ್ನು ಹದ್ದುಬಸ್ತಿನಲ್ಲಿಡುವುದೇ ಆ ಸ್ನಾನ. ಮಾಡಿನ ಕೆಳಗೆ ಮಳೆ ಬೀಳದ ಕಡೆ ಎರಡು ಹಳೆ ಟೈರ್ ಇಟ್ಟು, ನುಣ್ಣನೆ ಮಣ್ಣು, ಜರಡಿ ಹಿಡಿದ ಒಲೆ ಬೂದಿ, ಒಂದು ಹಿಡಿ ಗಂಧಕದ ಪುಡಿ ಬೆರೆಸಿ ತುಂಬಿಸಿದೆವು. ಇಟ್ಟ ಅರ್ಧ ಗಂಟೆಗೆಲ್ಲಾ ಕೋಳಿಗಳು ಅದರಲ್ಲಿ ಮುಳುಗಿದ್ದವು.

ಗಾಯವಾದ ಹ್ಯಾಟೆಯನ್ನು ಬೇರೆ ಇಟ್ಟೆವು. ಉಪ್ಪು ನೀರಲ್ಲಿ ತೊಳೆದು, ಅಯೋಡಿನ್ ಹಚ್ಚಿ, ನೊಣ ಕೂರದ ಹಾಗೆ ಗಾಯದ ಸುತ್ತ ಬೇವಿನ ಎಣ್ಣೆ ಸವರಿದೆವು. ಬೇಸಿಗೆಯಲ್ಲಿ ಗಾಯಕ್ಕೆ ಹುಳ ಬೀಳುವುದು ಬಲು ಬೇಗ. ಹುಂಜದ ಕಾಲಿಗೆ ಬಿಸಿ ಸೋಪಿನ ನೀರು, ಆಮೇಲೆ ಹರಳೆಣ್ಣೆ. ಎಣ್ಣೆ ಒಳಗಿನ ನುಸಿಯನ್ನು ಉಸಿರುಗಟ್ಟಿಸುತ್ತದೆ. ಪೊರೆಯನ್ನು ಕೀಳಬಾರದು, ರಕ್ತ ಬರುತ್ತದೆ.

ಮೆಕ್ಕೆಜೋಳ ಒಂದೇ ಸಾಲದು

ಕುಕ್ಕಾಟಕ್ಕೆ ಬೇರೆ ಕಾರಣ ಇತ್ತು. ಪಕ್ಕದವರ ಸೊಪ್ಪಿನ ಮಡಿ ಕೆದರುತ್ತವೆ ಅಂತ ಜಗಳವಾಗಿ, ಮಧ್ಯಾಹ್ನದವರೆಗೆ ಕೋಳಿಗಳನ್ನು ಗೂಡಲ್ಲೇ ಕೂಡಿಹಾಕುತ್ತಿದ್ದರು. ಐದಡಿ ಆರಡಿಯ ಗೂಡು. ರಾತ್ರಿ ಮಲಗಲು ಸಾಕು, ಹಗಲು ಓಡಾಡಲು ಸಾಲದು. ತಿನ್ನಲು ಮೆಕ್ಕೆಜೋಳದ ನುಚ್ಚು, ಉಳಿದ ಅನ್ನ. ಮಳೆಗಾಲದಲ್ಲಿ ಹುಳ ಹುಪ್ಪಟೆ ಸಿಗುತ್ತವೆ, ಸುಗ್ಗಿಯಲ್ಲಿ ಕಣದ ಕಾಳು ಸಿಗುತ್ತದೆ. ಬೇಸಿಗೆಯಲ್ಲಿ ಎರಡೂ ಇಲ್ಲ.

ಪುಕ್ಕದ ಹತ್ತರಲ್ಲಿ ಒಂಬತ್ತು ಭಾಗ ಪ್ರೋಟೀನ್. ಮೆಕ್ಕೆಜೋಳದಲ್ಲಿರುವುದು 9% ಆಸುಪಾಸು. ಮೊಟ್ಟೆ ಇಡುವ ಕೋಳಿಗೆ 16ರಿಂದ 18% ಬೇಕು. ಸಾಲದಿದ್ದರೆ ಕೋಳಿ ಇನ್ನೊಂದರ ಪುಕ್ಕ ಕಿತ್ತು ತಿನ್ನುತ್ತದೆ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳಿಗೆ ಬರವಿಲ್ಲ, ಶೇಂಗಾ ಹಿಂಡಿ ಕೈಗೆಟುಕುತ್ತದೆ. ಹತ್ತು ಕಿಲೋ ಮೇವಿಗೆ 5 ಕಿಲೋ ಮೆಕ್ಕೆಜೋಳದ ನುಚ್ಚು, 2 ಕಿಲೋ ಅಕ್ಕಿ ತೌಡು, 2 ಕಿಲೋ ಶೇಂಗಾ ಹಿಂಡಿ, 700 ಗ್ರಾಂ ಒಣ ಮೀನಿನ ಪುಡಿ, ಉಳಿದ 300 ಗ್ರಾಂ ಖನಿಜದ ಪುಡಿ ಮತ್ತು ಸುಣ್ಣದ ಕಲ್ಲಿನ ಪುಡಿ. ಒಣ ಮೀನಿನಲ್ಲೇ ಉಪ್ಪಿರುತ್ತದೆ, ಬೇರೆ ಉಪ್ಪು ಹಾಕಬಾರದು. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣ ಇದರಲ್ಲೇ ಪೂರ್ತಿ ಬರುವುದಿಲ್ಲ. ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿ ಇಟ್ಟರೆ ಬೇಕಾದಷ್ಟು ತಾವೇ ತಿನ್ನುತ್ತವೆ.

ಹಿಂಡಿ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಬೂಷ್ಟು ಹಿಡಿದ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ, ಅದು ಕೋಳಿಯ ಲಿವರ್ ಕೆಡಿಸುತ್ತದೆ. ಬಿಸಿಲಿಗೆ ಒಣಗಿಸಿದರೂ, ಬೇಯಿಸಿದರೂ ಹೋಗುವುದಿಲ್ಲ. ಸ್ವಲ್ಪ ಸ್ವಲ್ಪ, ಹೊಸದನ್ನೇ ತನ್ನಿ. ವಾಸನೆ ಬಂದರೆ ತಿಪ್ಪೆಗೆ ಹಾಕಿ.

ಅಜ್ಜಿಗೆ ಇನ್ನೊಂದು ಉಪಾಯ ಮೊದಲೇ ಗೊತ್ತಿತ್ತು. ಮಡಕೆಯಲ್ಲಿ ಒದ್ದೆ ಸಗಣಿ, ಹರಿದ ಗೋಣಿ ಚೂರು ತುಂಬಿ ಹೊಲದ ಬದುವಿನಲ್ಲಿ ಕವುಚಿ ಇಟ್ಟರೆ ಬೆಳಗ್ಗೆ ಹೊತ್ತಿಗೆ ಗೆದ್ದಲು ತುಂಬಿರುತ್ತದೆ. ಅವರ ಅತ್ತೆ ಹಾಗೆ ಮಾಡುತ್ತಿದ್ದರಂತೆ. ಸಿಮೆಂಟ್ ಅಂಗಳ ಬಂದ ಮೇಲೆ ಬಿಟ್ಟಿದ್ದರು, ಈಗ ಮತ್ತೆ ಶುರು ಮಾಡಿದರು. ಪಕ್ಕದವರ ಮಡಿಗೆ ಹಳೆ ಬಲೆ ಕಟ್ಟಿಕೊಟ್ಟ ಮೇಲೆ ಜಗಳವೂ ನಿಂತು, ಕೋಳಿಗಳು ಬೆಳಗ್ಗೆಯೇ ಹೊರಗೆ ಬಂದವು.

ಎರಡು ಹುಂಜಗಳಲ್ಲಿ ಚಿಕ್ಕದನ್ನು ಮಾರಿದರು. ಔಷಧಿ, ಸುಣ್ಣ, ಹಿಂಡಿಯ ಖರ್ಚು ಅದರಲ್ಲೇ ಹೆಚ್ಚುಕಡಿಮೆ ಸರಿಹೋಯಿತು. ಉಳಿದ ಹುಂಜದ ಉಗುರಿನ ಚೂಪನ್ನು ಉಜ್ಜಿ ಮೊಂಡು ಮಾಡಿದೆವು.

ಆರೇಳು ವಾರದ ನಂತರ ನೋಡಿದಾಗ ಬಾಲದ ಬುಡ ಬೋಳಾಗಿದ್ದ ಐದರಲ್ಲಿ ನಾಲ್ಕಕ್ಕೆ ಹೊಸ ಪುಕ್ಕ ತುಂಬಿತ್ತು. ಗಾಯದ ಹ್ಯಾಟೆಯ ಚರ್ಮ ಕೂಡಿತ್ತು, ಪುಕ್ಕ ಅಲ್ಲೊಂದು ಇಲ್ಲೊಂದು. ದಿನಕ್ಕೆ ನಾಲ್ಕೈದು ಮೊಟ್ಟೆ ಬರುತ್ತಿತ್ತು. ರೆಕ್ಕೆಯ ಕೆಳಗೆ ಹೊಸ ಚುಕ್ಕೆ ಯಾವುದಕ್ಕೂ ಇರಲಿಲ್ಲ. ರಾತ್ರಿ ಟಾರ್ಚ್ ಹಿಡಿದರೆ ಗೋಡೆಯಲ್ಲಿ ಒಂದು ಮೂಲೆಯಲ್ಲಿ ಮಾತ್ರ ಎರಡು ಉಣ್ಣೆ ಸಿಕ್ಕವು. ಆ ಮೂಲೆಯ ಮಣ್ಣು ಬಿಟ್ಟುಕೊಂಡಿತ್ತು. ಮಗ ಅಲ್ಲೇ ಮೆತ್ತಿದ.

ಗಿರಿರಾಜ ಎರಡರ ಬೆನ್ನು ಮಾತ್ರ ಇನ್ನೂ ಬೋಳು. ಅಜ್ಜಿಗೆ ಅದೇ ಚಿಂತೆ. ಬುಡಸಮೇತ ಕಿತ್ತು ಬಂದ ಪುಕ್ಕ ಕೆಲವು ವಾರದಲ್ಲಿ ಮತ್ತೆ ಬರುತ್ತದೆ. ಮುರಿದು ಅರ್ಧ ಒಳಗೇ ಉಳಿದದ್ದು ಮುಂದಿನ ಸಲ ಪುಕ್ಕ ಬದಲಿಸುವವರೆಗೆ ಹಾಗೇ ಇರುತ್ತದೆ. ಅಲ್ಲಿಯವರೆಗೆ ಬೆನ್ನಿಗೆ ಬಿಸಿಲು ತಾಗದಂತೆ ಹಳೆ ಲಂಗದ ಬಟ್ಟೆಯಲ್ಲಿ ಒಂದು ಹೊದಿಕೆ ಹೊಲಿದು ರೆಕ್ಕೆಗೆ ಸಿಕ್ಕಿಸಿದ್ದಾರೆ. ಅದರ ಅಡಿಗೆ ಹೇನು ಸೇರದ ಹಾಗೆ ವಾರಕ್ಕೊಮ್ಮೆ ಬಿಚ್ಚಿ ನೋಡಬೇಕು. ಇನ್ನು ಮುಂದೆ ಸಂತೆಯಿಂದ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆ ಮಂಕರಿಯಲ್ಲಿಟ್ಟು, ರೆಕ್ಕೆ ಎತ್ತಿ ನೋಡಿದ ಮೇಲೆಯೇ ಗುಂಪಿಗೆ ಬಿಡಲು ಒಪ್ಪಿದ್ದಾರೆ.